ಜೈಲಿನಲ್ಲಿ ದಿನದ ಹಾಜರಿ ಬರೆಯುವುದು ಹೇಗೆ

ಒಳಗಿರುವವರ ಕೈಗೆ ಫೋನ್ ಸಿಗುವುದಿಲ್ಲ. ಹಾಗಾಗಿ ಇದನ್ನು ಓದುತ್ತಿರುವವರು ಮನೆಯವರೇ ಇರಬೇಕು. ಗಂಡನೋ ಮಗನೋ ತಮ್ಮನೋ ಜೈಲಿನಲ್ಲಿದ್ದಾನೆ, ಅಥವಾ ಮುಂದಿನ ವಾರ ತೀರ್ಪು ಇದೆ. ಓದಿ, ಉಪಯೋಗ ಅನ್ನಿಸಿದರೆ ಪ್ರಿಂಟ್ ತೆಗೆಸಿ, ಮುಂದಿನ ಸಲ ನೋಡಲು ಹೋದಾಗ ಗೇಟಿನಲ್ಲಿ ತೋರಿಸಿ ಕೊಟ್ಟು ಬನ್ನಿ. ಇಲ್ಲಿಂದ ಮುಂದೆ ನಾನು ‘ನೀವು’ ಅಂದರೆ ಅದು ಒಳಗಿರುವವರಿಗೆ ಹೇಳಿದ್ದು.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಬರೆಯುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ನನ್ನ ಕೆಲಸ. ಕೆಲಸಕ್ಕೇ ಬರದವರ ಹೆಸರು ಬರೆದು ಕೂಲಿ ಎತ್ತಿದೆ. ಸಿಕ್ಕಿಬಿದ್ದೆ, ಕೇಸಾಯಿತು. ಮೊದಲು ನಾಲ್ಕು ತಿಂಗಳು ವಿಚಾರಣಾಧೀನ ಕೈದಿಯಾಗಿ, ಆಮೇಲೆ ಸಜೆಯಾಗಿ ಒಂದು ವರ್ಷದ ಮೇಲೆ, ಒಟ್ಟು ಒಂದೂವರೆ ವರ್ಷದಷ್ಟು ಒಳಗಿದ್ದೆ. ಹತ್ತು ವರ್ಷದ ಹಿಂದಿನ ಮಾತು. ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಮೊದಲ ಎರಡು ತಿಂಗಳು ನಾನು ಒಳಗೆ ಏನೂ ಮಾಡಲಿಲ್ಲ. ಗೋಡೆಗೆ ಒರಗಿ ಕೂತು, ಸಾಹುಕಾರರ ಕಿವಿಗೆ ಇದನ್ನು ಊದಿದವರು ಯಾರು, ಮೇಸ್ತ್ರಿಯೋ ಡ್ರೈವರೋ ಅಂತ ಲೆಕ್ಕ ಹಾಕುವುದೇ ಕೆಲಸ. ಅದೇ ಹೆಸರುಗಳು, ಅದೇ ಸಿಟ್ಟು, ದಿನಕ್ಕೆ ಹತ್ತು ಸಲ. ಬೇಕಾದರೆ ಇದನ್ನೂ ಯೋಚನೆ ಅನ್ನಬಹುದು. ನಾನು ಅನ್ನುವುದಿಲ್ಲ.

ಮೊದಲು ಕೇಸಿನ ಕೆಲಸ

ಜೈಲಿಗೆ ಹೋದವರಿಗೆಲ್ಲ ಜನ ಹೇಳುವ ಮಾತು ಒಂದೇ: ಮನಸ್ಸು ಶಾಂತವಾಗಿಟ್ಟುಕೋ, ದೇವರ ಧ್ಯಾನ ಮಾಡು. ಬೇಲ್ ಅರ್ಜಿ ಎಲ್ಲಿದೆ, ಮುಂದಿನ ವಾಯಿದೆ ಯಾವತ್ತು ಅನ್ನುವುದೇ ಗೊತ್ತಿಲ್ಲದವನಿಗೆ ಎಲ್ಲಿಯ ಶಾಂತಿ? ತಲೆಯೊಳಗೆ ಅದೊಂದೇ ಕೊರೆಯುತ್ತಿರುತ್ತದೆ. ಆದ್ದರಿಂದ ಮೊದಲ ವಾರ ಧ್ಯಾನ ಬದಿಗಿಟ್ಟು ಕೇಸಿನ ವಿವರ ಕೈಗೆ ತಂದುಕೊಳ್ಳಿ. ನಮ್ಮ ದೇಶದ ಜೈಲುಗಳಲ್ಲಿರುವವರಲ್ಲಿ ನೂರಕ್ಕೆ 75ಕ್ಕೂ ಜಾಸ್ತಿ ಜನ ಇನ್ನೂ ವಿಚಾರಣೆ ಮುಗಿಯದವರು, ಇದು 2022ರ ಸರ್ಕಾರಿ ಲೆಕ್ಕ. ಇವರಲ್ಲಿ ತಪ್ಪೇ ಮಾಡದವರೂ ಇದ್ದಾರೆ.

ವಕೀಲರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಿ ಕೂರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಜೈಲಿನಲ್ಲಿರುವ ಯಾರಿಗಾದರೂ ಪುಕ್ಕಟೆ ವಕೀಲರು ಸಿಗಬೇಕು. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಜೈಲಿನ ಸೂಪರಿಂಟೆಂಡೆಂಟರಿಗೆ ಒಂದು ಅರ್ಜಿ ಬರೆದುಕೊಟ್ಟರೆ ಅದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತದೆ. ಮನೆಯವರಾದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಜಿಲ್ಲಾ ಕೋರ್ಟಿಗೆ ಹೋಗಿ ಪ್ರಾಧಿಕಾರದ ಕಚೇರಿ ಎಲ್ಲಿ ಅಂತ ಕೇಳಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.

ಈ ನಾಲ್ಕು ವಿಷಯ ವಕೀಲರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಒಂದು, ಪೊಲೀಸರು ಚಾರ್ಜ್‌ಶೀಟ್ ಹಾಕಲು ನನ್ನ ಕೇಸಿನಲ್ಲಿ ಇರುವ ಗಡುವು 60 ದಿನವೋ 90 ದಿನವೋ. ಗಡುವು ದಾಟಿದರೆ ಬೇಲ್ ನಿಮ್ಮ ಹಕ್ಕು, ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಿ ಕೇಳಬೇಕು, ಕೇಳದೆ ಯಾರೂ ಕೊಡುವುದಿಲ್ಲ. ಎರಡು, ನನ್ನ ಮೇಲಿನ ಆರೋಪಕ್ಕೆ ಗರಿಷ್ಠ ಶಿಕ್ಷೆ ಎಷ್ಟು. 2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 479ನೇ ಸೆಕ್ಷನ್ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರು ಆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವರನ್ನು ಬೇಲ್ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ. 7 ವರ್ಷದ ಆರೋಪ ಅಂತಿಟ್ಟುಕೊಳ್ಳಿ, ಮೊದಲ ಸಲದವರಿಗೆ 2 ವರ್ಷ 4 ತಿಂಗಳು. ಕೋರ್ಟಿಗೆ ಅರ್ಜಿ ಕಳಿಸುವುದು ಸೂಪರಿಂಟೆಂಡೆಂಟರ ಕೆಲಸ, ಆದರೂ ದಿನ ಎಣಿಸಿ ಅವರಿಗೆ ನೆನಪು ಮಾಡುವುದರಲ್ಲಿ ತಪ್ಪಿಲ್ಲ. ಈ ಸೆಕ್ಷನ್ ಜುಲೈ 1ಕ್ಕೂ ಹಿಂದಿನ ಕೇಸುಗಳಿಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿದೆ. ಮರಣದಂಡನೆ, ಜೀವಾವಧಿ ಇರುವ ಆರೋಪಗಳಿಗೆ ಇದು ಇಲ್ಲ, ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದವರಿಗೂ ಇಲ್ಲ. ಮೂರು, ನಾನು ಒಳಗೆ ಬಂದ ತಾರೀಕು. ನಗಬೇಡಿ, ಎಷ್ಟೋ ಜನಕ್ಕೆ ಸರಿಯಾಗಿ ನೆನಪಿರುವುದಿಲ್ಲ. ಮುಂದೆ ಸಜೆಯಾದರೆ ವಿಚಾರಣೆಗಾಗಿ ಒಳಗಿದ್ದ ದಿನಗಳನ್ನೆಲ್ಲ ಸಜೆಯಲ್ಲಿ ಕಳೆಯುತ್ತಾರೆ, ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ನಾಲ್ಕನೆಯದು ಜಾಮೀನುದಾರರು. ಬೇಲ್ ಆರ್ಡರ್ ಆಗಿಯೂ ಪಹಣಿ ಹಿಡಿದು ಬಂದು ಸಹಿ ಹಾಕುವವರಿಲ್ಲದೆ ಒಳಗೇ ಉಳಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ, ನಾನೇ ಮೂರು ವಾರ ಹಾಗೆ ಕೂತಿದ್ದೆ. ಈಗ ಸ್ವಲ್ಪ ಪರವಾಗಿಲ್ಲ. ಆರ್ಡರ್ ಆಗಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾಮೀನಿನ ದುಡ್ಡು ಕಟ್ಟಲಾಗದ ಬಡ ಕೈದಿಗಳಿಗೆ ಕೇಂದ್ರ ಸರ್ಕಾರದ ಒಂದು ಸ್ಕೀಮೂ ಅದೇ ವರ್ಷ ಶುರುವಾಯಿತು. ಶುರುವಾದಾಗ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಸಜಾ ಕೈದಿಗಳಿಗೆ 25,000ದವರೆಗೆ ಅಂತ ಇತ್ತು. ಪ್ರಾಧಿಕಾರದಲ್ಲೇ ವಿಚಾರಿಸಿ.

ಇಷ್ಟನ್ನು ಒಂದು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದು ಮುಚ್ಚಿಡಿ. ವಾಯಿದೆ ಆದ ದಿನ ಮಾತ್ರ ಆ ಪುಟ ತೆರೆಯಬೇಕು. ದಿನಾ ತೆರೆದು ನೋಡಿದರೆ ಅಕ್ಷರ ಬದಲಾಗುವುದಿಲ್ಲ.

ಚೆಕ್‌ರೋಲ್

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳು ಗೋಡೆ ನೋಡಿದ ಮೇಲೆ ಒಂದು ದಿನ ಹೆಂಡತಿ 100 ಪೇಜಿನ ಗೆರೆ ನೋಟ್‌ಬುಕ್ಕು, ಎರಡು ಬಾಲ್ ಪೆನ್ನು ತಂದುಕೊಟ್ಟಳು. (ತಂತಿ ಸುತ್ತಿದ ಪುಸ್ತಕ ನಮ್ಮಲ್ಲಿ ಒಳಗೆ ಬಿಡುತ್ತಿರಲಿಲ್ಲ. ದಾರದಲ್ಲಿ ಹೊಲಿದದ್ದೋ ಪಿನ್ ಹೊಡೆದದ್ದೋ ತನ್ನಿ, ಅದಕ್ಕೂ ಗೇಟಿನಲ್ಲಿ ಮೊದಲು ಕೇಳಿ.) ಏನು ಬರೆಯುವುದು ಅಂತ ತೋಚಲಿಲ್ಲ. ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಅಡ್ಡಕ್ಕೆ ತಿರುಗಿಸಿಕೊಂಡು ಗೆರೆ ಎಳೆದೆ, ಮೇಲೆ 1ರಿಂದ 31. ಎಡಗಡೆ ಆಳುಗಳ ಹೆಸರು ಬರೆಯುವ ಜಾಗದಲ್ಲಿ ಐದು ಕೆಲಸ ಬರೆದೆ: ನಡಿಗೆ, ಓದು, ಬರಹ, ಇನ್ನೊಬ್ಬರ ಕೆಲಸ, ಬಾಯಿ.

ಎಸ್ಟೇಟಿನ ಕ್ರಮವೇ. ಪೂರ್ತಿ ಮಾಡಿದರೆ 1, ಅರ್ಧಂಬರ್ಧ ಆದರೆ ಅರ್ಧ, ಇಲ್ಲದಿದ್ದರೆ ಸೊನ್ನೆ. ರಾತ್ರಿ ಮಲಗುವ ಮೊದಲು ತುಂಬಬೇಕು, ನಾಳೆ ತುಂಬುತ್ತೇನೆ ಅಂತ ಬಿಡುವ ಹಾಗಿಲ್ಲ. ಯಾಕೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಸ್ಟೇಟಿನಲ್ಲಿ ಮೂರು ದಿನದ ಹಾಜರಿಯನ್ನು ಒಟ್ಟಿಗೆ ಬರೆಯಲು ಕೂತ ದಿನವೇ ನಾನು ಮೊದಲ ಸುಳ್ಳು ಹೆಸರು ಬರೆದದ್ದು.

ಈ ಐದೇ ಆಗಬೇಕು ಅಂತೇನಿಲ್ಲ. ಪ್ರಾರ್ಥನೆ ಇರಬಹುದು, ನಮಾಜ್ ಇರಬಹುದು, ಬೀಡಿ ಸೇದದ ದಿನ ಇರಬಹುದು. ಆದರೆ ಆರು ದಾಟಬೇಡಿ. ನಡಿಗೆ ಅಂದರೆ ನನಗೆ ಅಂಗಳದಲ್ಲಿ 100 ಸುತ್ತು. ಜಿಲ್ಲಾ ಜೈಲುಗಳ ಅಂಗಳ ಚಿಕ್ಕದು, ಐದಾರು ಜನ ಎದುರಾದರೆ ನಿಂತು ದಾರಿ ಬಿಡಬೇಕು, ಹಾಗಾಗಿ ಹೊತ್ತಿನ ಲೆಕ್ಕ ಬಿಟ್ಟು ಸುತ್ತಿನ ಲೆಕ್ಕ ಇಟ್ಟೆ. ಓದು ಅಂದರೆ 10 ಪುಟ, ಪೇಪರ್ ಸೇರಿಸದೆ. ಪೇಪರ್ ಓದುವುದು ಬೇರೆ ಖುಷಿ, ಅದಕ್ಕೆ ಹಾಜರಿ ಬೇಡ.

ಬಾಯಿ ಅನ್ನುವುದೇ ಕಷ್ಟದ್ದು. ಆ ದಿನ ಯಾರಿಗೂ ಬೈಯದಿದ್ದರೆ 1. ಮೊದಲ ತಿಂಗಳು ಆ ಸಾಲಿನಲ್ಲಿ ಎಷ್ಟು ಸೊನ್ನೆ ಬಿತ್ತು ಅಂದರೆ ಪಕ್ಕದವನು ನೋಡಿ, ‘ಇದೇನ್ ರೈಟ್ರೇ, ಕೋಳಿಮೊಟ್ಟೆ ಲೆಕ್ಕನಾ?’ ಅಂತ ನಕ್ಕ. ಅವನಿಗೂ ಬೈದೆ. ಆ ದಿನವೂ ಸೊನ್ನೆಯೇ.

ಒಂದು ಎಚ್ಚರಿಕೆ ಹೇಳಬೇಕು. ತಿಂಗಳ ಕೊನೆಗೆ ಕೂಡಿಸಿ ನೋಡಿದಾಗ ಅಂಕಿ ಕಡಿಮೆ ಬಂದರೆ ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಳ್ಳಲು ಹೋಗಬೇಡಿ. ಶಿಕ್ಷೆ ಕೊಡಲು ಈಗಾಗಲೇ ಬೇರೆಯವರಿದ್ದಾರೆ. ಚೆಕ್‌ರೋಲ್ ಇರುವುದು ಯಾವ ಆಳು ಯಾವ ದಿನ ಬಂದ, ಯಾವ ದಿನ ಬರಲಿಲ್ಲ ಅಂತ ಗೊತ್ತಾಗಲಿ ಅಂತ. ನನ್ನದರಲ್ಲಿ ಸೋಮವಾರ, ಗುರುವಾರ ಬಾಯಿಯ ಸಾಲು ಕೆಡುತ್ತಿತ್ತು. ಯಾಕೆ ಅಂತ ಎರಡು ತಿಂಗಳ ಹಾಳೆ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ತಿಳಿಯಿತು, ಅವು ಪಕ್ಕದವರಿಗೆ ಮನೆಯಿಂದ ಜನ ಬರುತ್ತಿದ್ದ ದಿನಗಳು. ನನಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಹೊಟ್ಟೆಕಿಚ್ಚು, ಮತ್ತೇನಿಲ್ಲ. ಇದು ಗೊತ್ತಾದ ಮೇಲೆ ಆ ಎರಡು ದಿನ ಮಧ್ಯಾಹ್ನ ಯಾರ ಜೊತೆಗೂ ಮಾತಿಗೆ ಕೂರದೆ ಸುತ್ತು ಹಾಕಲು ಹೋಗುತ್ತಿದ್ದೆ.

ಹೊತ್ತಿನ ಬಗ್ಗೆ ಒಂದು ಮಾತು. ಒಳಗಿನ ದಿನ ಬೇಗ ಏಳುತ್ತದೆ, ಬೇಗ ಮುಚ್ಚುತ್ತದೆ. ಬೆಳಿಗ್ಗೆ ಬ್ಯಾರಕ್ ತೆಗೆದು ಎಣಿಕೆ ಮಾಡುತ್ತಾರೆ, ಸಂಜೆ ಕತ್ತಲಾಗುವ ಮೊದಲೇ ಊಟ ಕೊಟ್ಟು ಮತ್ತೆ ಎಣಿಸಿ ಬೀಗ ಹಾಕುತ್ತಾರೆ. ಬೀಗ ಬಿದ್ದ ಮೇಲೆ ನಿದ್ದೆ ಬರುವವರೆಗಿನ ನಾಲ್ಕು ಗಂಟೆಯೇ ದೊಡ್ಡ ಗಂಡಾಂತರ. ಟಿವಿ ಗಲಾಟೆ, ಹರಟೆ, ಜಗಳ, ರಾತ್ರಿಯಿಡೀ ಆರದ ದೀಪ. ಆ ಹೊತ್ತಿನಲ್ಲಿ ಓದುತ್ತೇನೆ ಅಂತ ಕೂತರೆ ಒಂದು ಪುಟವೂ ತಲೆಗೆ ಹತ್ತುವುದಿಲ್ಲ. ಓದನ್ನು ಬೆಳಿಗ್ಗೆ ಇಟ್ಟುಕೊಳ್ಳಿ, ಬಾಗಿಲು ತೆಗೆದ ತಕ್ಷಣ, ಉಳಿದವರು ನಲ್ಲಿಯ ಹತ್ತಿರ ಸಾಲು ನಿಂತಿರುವಾಗ. ಸಂಜೆಗೆ ಕೈಯಲ್ಲಿ ಮಾಡುವ ಕೆಲಸ ಇರಲಿ, ಹರಿದ ಅಂಗಿ ಹೊಲಿಯುವುದು, ಇನ್ನೊಬ್ಬರಿಗೆ ಕಾಗದ ಬರೆದುಕೊಡುವುದು, ಇಂಥವು.

ಚಾರ್ಜ್‌ಶೀಟಿನಲ್ಲಿ ಇಲ್ಲದ್ದು

ತನ್ನನ್ನು ತಾನು ನೋಡಿಕೊಳ್ಳುವುದು ಅಂತ ದೊಡ್ಡವರು ಹೇಳುತ್ತಾರಲ್ಲ, ಅದನ್ನು ಮಾಡುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ದೆಹಲಿಯ ತಿಹಾರ್ ಜೈಲಿನಲ್ಲಿ 1994ರಲ್ಲಿ ಸಾವಿರದಷ್ಟು ಕೈದಿಗಳನ್ನು ಒಟ್ಟಿಗೆ ಕೂರಿಸಿ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಮಾಡಿದ್ದರು. ಕೆಲವರಿಗೆ ಅದು ಒಗ್ಗುತ್ತದೆ, ನನಗೆ ಕಣ್ಣು ಮುಚ್ಚಿದರೆ ಮೇಸ್ತ್ರಿಯ ಮುಖವೇ ಬರುತ್ತಿತ್ತು. ನನಗೆ ಒಗ್ಗಿದ್ದು ಬರೆಯುವುದು.

ಬರೆಯುವ ಮೊದಲು ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ನಿಮ್ಮ ಕೇಸು ಇನ್ನೂ ನಡೆಯುತ್ತಿದ್ದರೆ ಆ ಘಟನೆಯ ಬಗ್ಗೆ ಒಂದಕ್ಷರವೂ ಪುಸ್ತಕದಲ್ಲಿ ಬರೆಯಬೇಡಿ. ತಪಾಸಣೆಯಲ್ಲಿ ಪುಸ್ತಕ ಯಾರ ಕೈಗಾದರೂ ಹೋಗಬಹುದು. ಪಕ್ಕದವನಿಗೆ ಬಾಯಿಬಿಟ್ಟು ಹೇಳುವುದೂ ಬೇಡ. ಅದು ವಕೀಲರ ಹತ್ತಿರ ಮಾತ್ರ ಆಡುವ ಮಾತು. ಹಾಗಾದರೆ ಏನು ಬರೆಯಬೇಕು? ಘಟನೆಗೆ ಸಂಬಂಧ ಇಲ್ಲದ ನಿಮ್ಮ ಬದುಕು ಎಷ್ಟೊಂದು ಇದೆ. ಸಾಲ ಎಲ್ಲಿಂದ ಶುರುವಾಯಿತು, ಮೊದಲ ಸಲ ಕುಡಿದದ್ದು ಯಾರ ಜೊತೆ, ಅಪ್ಪನ ಜೊತೆ ಮಾತು ಬಿಟ್ಟದ್ದು ಯಾವ ವರ್ಷ. ಇದನ್ನೆಲ್ಲ ಬರೆಯಲು ತಪ್ಪಿತಸ್ಥ ಆಗಿರಬೇಕು ಅಂತೇನಿಲ್ಲ.

ಇನ್ನೊಂದು. ‘ಯಾಕೆ’ ಅಂತ ಶುರು ಮಾಡಬೇಡಿ. ಯಾಕೆ ಹೀಗಾಯಿತು ಅಂತ ಬರೆದರೆ ಎರಡನೇ ಸಾಲಿಗೇ ಇನ್ನೊಬ್ಬರ ಹೆಸರು ಬಂದುಬಿಡುತ್ತದೆ. ಯಾವತ್ತು, ಎಲ್ಲಿ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು, ಎದುರಿಗೆ ಯಾರಿದ್ದರು, ಅಂಥದನ್ನು ಬರೆಯಿರಿ.

ನನ್ನ ಸಜೆಯಾಗಿ, ಅಪೀಲು ಬೇಡ ಅಂತ ತೀರ್ಮಾನಿಸಿದ ಮೇಲೆ ಒಂದು ಸಂಜೆ ನಾನು ಬರೆಯಲು ಕೂತೆ. ಕೋರ್ಟಿನಲ್ಲಿ ಸಾಬೀತಾಗಿದ್ದ ಸುಳ್ಳು ಹೆಸರುಗಳನ್ನೆಲ್ಲ ಸಾಲಾಗಿ ಬರೆದೆ. ದುಡ್ಡು ಹೋಗಿದ್ದು ಸಾಹುಕಾರರದ್ದು. ಬರೆದು ಮುಗಿಸಿದಾಗ ಒಂಥರಾ ಹಗುರ ಆಯಿತು. ಆದರೂ ಕೈ ನಿಲ್ಲಲಿಲ್ಲ. ಆ ವಾರದ ಚೆಕ್‌ರೋಲಿನ ಹಾಳೆಯೇ ಕಣ್ಣ ಮುಂದೆ ಬಂತು, ನೀಲಿ ಶಾಯಿ, ಮೂಲೆಯಲ್ಲಿ ಕಾಫಿ ಲೋಟದ ಕಲೆ. ಸುಳ್ಳು ಹೆಸರಿನ ಮೇಲಿನ ಸಾಲು ಕಳೆ ತೆಗೆಯಲು ಬರುತ್ತಿದ್ದ ಒಬ್ಬ ಹೆಂಗಸಿನದು. ಅವಳ ಮುಂದೆ ಬುಧವಾರ ಅರ್ಧ ಅಂತಿತ್ತು. ಆ ಬುಧವಾರ ಅವಳು ಅರ್ಧ ದಿನ ಮಾಡಿರಲಿಲ್ಲ. ಸಂಜೆ ನಾಲ್ಕೂವರೆಗೆ ಕತ್ತಿ ತೊಳೆದು ಷೆಡ್ಡಿನಲ್ಲಿಟ್ಟು ಹೋದದ್ದು ನಾನೇ ನೋಡಿದ್ದೆ.

ಬಟವಾಡೆಯಲ್ಲಿ ಲೆಕ್ಕ ಹೊಂದಿಸಲು ನಾನು ಅಲ್ಲೊಂದು ಇಲ್ಲೊಂದು ಪೂರ್ತಿಯನ್ನು ಅರ್ಧ ಮಾಡುತ್ತಿದ್ದೆ. ಓದಲು ಬಾರದವರದ್ದು. ಕೇಳಿದರೆ ‘ಅವತ್ತು ಲೇಟಾಗಿ ಬಂದಿದ್ದೆಯಲ್ಲಮ್ಮ’ ಅನ್ನುತ್ತಿದ್ದೆ. ಇದನ್ನು ಯಾರೂ ಕಂಪ್ಲೇಂಟ್ ಕೊಟ್ಟಿರಲಿಲ್ಲ. ಪೊಲೀಸರಿಗೆ ಗೊತ್ತಿಲ್ಲ, ಜಡ್ಜಿಗೆ ಗೊತ್ತಿಲ್ಲ, ಸಾಹುಕಾರರಿಗೂ ಗೊತ್ತಿಲ್ಲ. ಚಾರ್ಜ್‌ಶೀಟಿನ ಅಷ್ಟು ಪುಟದಲ್ಲಿ ಇದು ಎಲ್ಲೂ ಇಲ್ಲ. ನಾನಾದರೂ ಅದನ್ನು ತಪ್ಪು ಅಂತ ಅಂದುಕೊಂಡೇ ಇರಲಿಲ್ಲ, ಚಿಲ್ಲರೆ ಹೊಂದಾಣಿಕೆ ಅಂತಿದ್ದೆ. ಆ ರಾತ್ರಿ ನೆನಪಿದ್ದಷ್ಟು ಬರೆದೆ. ಒಂದು ವಾರ ಬರೆದೆ. 11 ಜನ, 43 ಅರ್ಧ ದಿನ.

ಹಾಗಾಗಿ ನನ್ನ ಸಲಹೆ ಇಷ್ಟು: ಕೋರ್ಟು ಕೇಳಿದ್ದಕ್ಕೆ ಕೋರ್ಟಿನಲ್ಲಿ ಉತ್ತರ ಕೊಡಿ, ಪುಸ್ತಕದಲ್ಲಿ ಯಾರೂ ಕೇಳದ್ದನ್ನು ಹುಡುಕಿ. ವಾರಕ್ಕೆ ಒಂದೇ ಸಂಜೆ ಸಾಕು. ದಿನಾ ಕೆದಕಿದರೆ ಗಾಯ ಹುಣ್ಣಾಗುತ್ತದೆ.

ಇನ್ನೊಬ್ಬರ ಕೆಲಸ

ಓದು ಬರಹ ಬರುವವರಿಗೆ ಒಳಗೆ ಕೆಲಸಕ್ಕೆ ಬರವಿಲ್ಲ. ಅರ್ಜಿ, ಮನೆಗೆ ಕಾಗದ, ವಕೀಲರಿಗೆ ಕಾಗದ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಅನ್ನುವ ಕೈದಿ, ಇನ್ನೊಬ್ಬ ಕೈದಿಗೆ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ಜಡ್ಜಿಗೆ ಒಂದು ಕಾಗದ ಬರೆದ. ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡು ವಿಚಾರಣೆ ನಡೆಸಿತು. ಕೈದಿಗಳ ಹಕ್ಕಿನ ಮಾತು ಬಂದಾಗಲೆಲ್ಲ ಇವತ್ತಿಗೂ ಆ ಕೇಸಿನ ಹೆಸರು ಹೇಳುತ್ತಾರೆ. ನಾವು ಬರೆಯುವ ಕಾಗದ ಅಷ್ಟು ದೂರ ಹೋಗಬೇಕಾಗಿಲ್ಲ, ಅರಕಲಗೂಡಿನವರೆಗೆ ಹೋದರೂ ಸಾಕು.

ಅರಕಲಗೂಡು ಕಡೆಯ ಒಬ್ಬ ಮುದುಕ ಇದ್ದ, ಜಮೀನಿನ ಗಲಾಟೆ. ತಾತ ಅಂತಿದ್ದೆವು. ಎಲ್ಲದಕ್ಕೂ ಹೆಬ್ಬೆಟ್ಟು. ಒಂದು ದಿನ ನನ್ನ ಚೆಕ್‌ರೋಲಿನ ಗೆರೆ ನೋಡುತ್ತಾ, ‘ರೈಟ್ರೇ, ನನ್ ಹೆಸ್ರು ಹೆಂಗ್ ಕಾಣುತ್ತೆ ಬರೀರಿ ನೋಡನ’ ಅಂದ. ಬರೆದು ತೋರಿಸಿದೆ. ಬೆರಳಿಟ್ಟು ಅದರ ಮೇಲೆ ತಿದ್ದಿದ. ಮೂರು ಅಕ್ಷರ ಕಲಿಯಲು ಹನ್ನೆರಡು ದಿನ ಬೇಕಾಯಿತು, ಒತ್ತಕ್ಷರವೇ ಕಾಟ. ಪೆನ್ನನ್ನು ಗುದ್ದಲಿ ಹಿಡಿದ ಹಾಗೆ ಹಿಡಿಯುತ್ತಿದ್ದ, ಕಾಗದ ತೂತು. ಮುಂದಿನ ವಾಯಿದೆಗೆ ಹೋಗಿ ಬಂದವನೇ ಬ್ಯಾರಕ್ಕಿನ ಬಾಗಿಲಿನಿಂದಲೇ ಕೂಗಿದ, ‘ಇಂಕ್ ಪ್ಯಾಡ್ ಬ್ಯಾಡ ಅಂದೆ ಕಣ್ರೀ!’ ಆ ದಿನ ನನ್ನ ಚೆಕ್‌ರೋಲಿನಲ್ಲಿ ಐದೂ ಸಾಲು 1.

ಯಾರಿಗಾದರೂ ಬರೆದುಕೊಡುವಾಗ ಅವರು ಹೇಳಿದ್ದನ್ನೇ ಬರೆಯಿರಿ, ನಿಮ್ಮ ಬುದ್ಧಿ ಸೇರಿಸಬೇಡಿ. ಬರೆದ ಮೇಲೆ ಓದಿ ಹೇಳಿ. ಬೀಡಿ, ಬಿಸ್ಕತ್ತು ಅಂತ ಕೂಲಿ ತೆಗೆದುಕೊಳ್ಳಬೇಡಿ, ತೆಗೆದುಕೊಂಡ ದಿನದಿಂದ ಅದು ವ್ಯಾಪಾರ.

ಓದು, ಕೆಲಸ

ಎಸ್ಸೆಸ್ಸೆಲ್ಸಿ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ, ಹನ್ನೆರಡನೇ ಕ್ಲಾಸು ಕಟ್ಟಬಹುದು. ಇಗ್ನೋ ಅನ್ನುವ ಮುಕ್ತ ವಿಶ್ವವಿದ್ಯಾಲಯ ಕೈದಿಗಳಿಗೆ ಶುಲ್ಕ ತೆಗೆದುಕೊಳ್ಳದೆ ಕೋರ್ಸ್ ಕೊಡುತ್ತದೆ, ಸೇರುವುದು ಜನವರಿ ಮತ್ತು ಜುಲೈನಲ್ಲಿ. ಎರಡಕ್ಕೂ ಸೂಪರಿಂಟೆಂಡೆಂಟರ ಮೂಲಕವೇ ಹೋಗಬೇಕು. ಚಿಕ್ಕ ಜೈಲಿನಲ್ಲಿ ನೀವೇ ಮೊದಲನೆಯವರಾಗಿರಬಹುದು, ಅರ್ಜಿ ಕೊಟ್ಟು ಸುಮ್ಮನಾಗದೆ ಹದಿನೈದು ದಿನಕ್ಕೊಮ್ಮೆ ಕೇಳುತ್ತಿರಿ. ಸಜೆ ಜಾಸ್ತಿ ಇದ್ದವರನ್ನು ಸಾಮಾನ್ಯವಾಗಿ ಸೆಂಟ್ರಲ್ ಜೈಲಿಗೆ ಕಳಿಸುತ್ತಾರೆ, ಅಲ್ಲಿ ಓದಿಗೆ, ಕೈಕೆಲಸಕ್ಕೆ ಅನುಕೂಲ ಜಾಸ್ತಿ. ಮೈಸೂರು ಜೈಲಿನ ಕೈದಿಗಳಿಗೆ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ನಾಟಕ ಕಲಿಸಿ, ಹೊರಗಿನ ರಂಗಮಂದಿರಗಳಿಗೂ ಕರೆದುಕೊಂಡು ಹೋಗಿ ಆಡಿಸಿದ್ದನ್ನು ನೀವು ಕೇಳಿರಬಹುದು.

ಸಜಾ ಕೈದಿಗಳಿಗೆ ಕೆಲಸ, ನಡತೆ ನೋಡಿ ಸಜೆಯಲ್ಲಿ ಮಾಫಿ ಸಿಗುತ್ತದೆ. ಅಡುಗೆ ಮನೆಯ ಕೆಲಸ ಕೇಳಿ ಪಡೆಯಿರಿ ಅಂತ ನಾನು ಹೇಳುತ್ತೇನೆ. ಬೆಳಿಗ್ಗೆ ಬೇಗ ಏಳಬೇಕು, ಹೊಗೆ, ಬಿಸಿ, ಮುದ್ದೆ ತಿರುವಿ ತಿರುವಿ ರಟ್ಟೆ ಬಿದ್ದು ಹೋಗುತ್ತದೆ, ಆದರೆ ರಾತ್ರಿ ನಿದ್ದೆ ಬರುತ್ತದೆ. ಜಾತಿ ನೋಡಿ ಇವರು ಗುಡಿಸಬೇಕು, ಅವರು ಅಡುಗೆ ಮಾಡಬೇಕು ಅಂತ ಕೆಲಸ ಹಂಚುವ ಹಾಗಿಲ್ಲ, 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ.

ದೂರ ಇರಬೇಕಾದ್ದು ಮೂರು: ಇಸ್ಪೀಟು, ಕೈಸಾಲ, ಕದ್ದು ತಂದ ಫೋನು. ಮೂರನೆಯದಕ್ಕೆ ಹೊಸ ಕೇಸೇ ಬೀಳುತ್ತದೆ.

ಕೆಟ್ಟ ದಿನಗಳು

ಒಳಗೆ ಬಂದ ಮೊದಲ ವಾರ, ಬೇಲ್ ವಜಾ ಆದ ದಿನ, ತೀರ್ಪಿನ ದಿನ, ಹಬ್ಬದ ದಿನ. ಈ ದಿನಗಳಲ್ಲಿ ಚೆಕ್‌ರೋಲ್ ಬಿಟ್ಟುಬಿಡಿ. ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ಅದನ್ನು ಪುಸ್ತಕದಲ್ಲಿ ಬರೆದು ಮುಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ. ಪಕ್ಕದಲ್ಲಿ ಮಲಗಿರುವವರನ್ನು ಎಬ್ಬಿಸಿ, ಡ್ಯೂಟಿಯಲ್ಲಿರುವ ವಾರ್ಡರನ್ನು ಕೂಗಿ, ಡಾಕ್ಟರನ್ನು ನೋಡಬೇಕು ಅನ್ನಿ. ನಾನು ಒಂದು ರಾತ್ರಿ ತಾತನನ್ನು ಎಬ್ಬಿಸಿದ್ದೆ. ಆತ ಏನೂ ಬುದ್ಧಿ ಹೇಳಲಿಲ್ಲ, ಬೆಳಗಾಗುವವರೆಗೆ ತನ್ನ ಊರಿನ ಆಲೂಗೆಡ್ಡೆ ಬೆಳೆಯ ಕಥೆ ಹೇಳಿದ, ಯಾವ ವರ್ಷ ಅಂಗಮಾರಿ ಬಂತು, ಯಾವ ವರ್ಷ ರೇಟು ಬಿತ್ತು ಅಂತ. ಮನೆಯವರಿಗೂ ಈ ದಿನಗಳು ಕೆಟ್ಟವೇ. ಮಾತಾಡಲು ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ.

ನೋಡಲು ಹೋಗುವವರಿಗೆ

ಇದು ಮನೆಯವರಿಗೆ. ಸಿಗುವುದು ಕೆಲವೇ ನಿಮಿಷ. ಜಾಲರಿಯ ಆಚೆ ಈಚೆ ಎಲ್ಲರೂ ಒಟ್ಟಿಗೆ ಕೂಗುತ್ತಿರುತ್ತಾರೆ. ನನ್ನ ಹೆಂಡತಿ ಮೊದಮೊದಲು ಬಂದಾಗ ಪೂರ್ತಿ ಹೊತ್ತು ಸಾಲದ ಮಾತೇ, ನಾನು ವಕೀಲರ ಮಾತೇ. ಹೊರಟ ಮೇಲೆ ಇಬ್ಬರಿಗೂ ಅಳು. ಆಮೇಲೆ ಅವಳೇ ಒಂದು ಉಪಾಯ ಮಾಡಿದಳು. ಬಸ್ಸಿನಲ್ಲಿ ಬರುವಾಗ ಅಂಗೈ ಅಗಲದ ಚೀಟಿಯಲ್ಲಿ ಐದು ವಿಷಯ ಬರೆದುಕೊಂಡು ಬರುವುದು. ಒಂದು ಕೇಸಿಂದು, ಒಂದು ದುಡ್ಡಿಂದು, ಉಳಿದ ಮೂರು ಸುಮ್ನೆ ಮನೆಯವು. ‘ರೀ, ಹೂಮಳೆ ಬಿತ್ತು, ನಮ್ಮ ಹಿತ್ತಲ ನಾಲ್ಕು ಗಿಡವೂ ಬೆಳ್ಳಗಾಗಿದೆ’ ಅಂತ ಒಂದು ಸಲ ಹೇಳಿದಳು. ಆ ವಾರ ಪೂರ್ತಿ ನನಗೆ ಕಾಫಿ ಹೂವಿನ ವಾಸನೆ.

ಮುಂದಿನ ವಾಯಿದೆ ಯಾವತ್ತು ಅಂತ ವಕೀಲರಿಗೆ ಕಾಯಬೇಡಿ. ಕೇಸಿಗೆ ಸಿಎನ್‌ಆರ್ ಅಂತ 16 ಅಕ್ಷರ ಅಂಕಿಗಳ ಒಂದು ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ತಾರೀಕು ಬರುತ್ತದೆ, ಬರೆದುಕೊಂಡು ಹೋಗಿ ಹೇಳಿ. ದೂರದಲ್ಲಿರುವವರು ಇ-ಮುಲಾಕಾತ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಹೊತ್ತು ಬುಕ್ ಮಾಡಿ ವಿಡಿಯೋದಲ್ಲಿ ಮಾತಾಡಬಹುದು, ಆಧಾರ್ ಹತ್ತಿರ ಇಟ್ಟುಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಅಂತ ಎಲ್ಲರೂ ಕೇಳುತ್ತಾರೆ. ಕರೆದುಕೊಂಡು ಹೋಗಿ. ಅಪ್ಪ ದುಬೈಗೆ ಹೋಗಿದ್ದಾನೆ ಅಂತ ಹೇಳಿದ ಸುಳ್ಳು ಸ್ಕೂಲಿನಲ್ಲಿ ಎರಡು ದಿನವೂ ನಿಲ್ಲುವುದಿಲ್ಲ.

ಹೊರಗೆ ಬಂದ ಮೇಲೆ

ಬೇಲ್ ಮೇಲೆ ಬಂದಿದ್ದರೆ ಮೊದಲು ಷರತ್ತು ಓದಿ. ಠಾಣೆಗೆ ಹೋಗಿ ಸಹಿ ಹಾಕುವುದಿದ್ದರೆ ಅದು ನಿಮ್ಮ ಹೊಸ ಹಾಜರಿ. ಕೇಸಿಗೆ ಸಂಬಂಧಪಟ್ಟ ಯಾರನ್ನೂ, ಕ್ಷಮೆ ಕೇಳುವುದಕ್ಕೆ ಅಂತಲೂ, ಹುಡುಕಿಕೊಂಡು ಹೋಗಬೇಡಿ. ಸಾಕ್ಷಿಗೆ ಬೆದರಿಕೆ ಹಾಕಿದ ಅಂತ ಬೇಲ್ ರದ್ದಾಗಬಹುದು. ಎಲ್ಲ ಮುಗಿಯುವವರೆಗೆ ಕಾಯಿರಿ.

ನಂದು ಎಲ್ಲ ಮುಗಿದಿತ್ತು. ಬಿಡುಗಡೆಯಾಗಿ ಆರು ತಿಂಗಳು ಹಾಸನದಲ್ಲಿ ಒಂದು ಮಂಡಿಯಲ್ಲಿ ಮೂಟೆ ಲೆಕ್ಕ ಬರೆದೆ. ದುಡ್ಡು ಕೂಡಿದ ಮೇಲೆ ಒಂದು ಭಾನುವಾರ ಬಸ್ಸು ಹತ್ತಿದೆ. 11 ಜನರಲ್ಲಿ ನಾಲ್ಕು ಜನ ಊರು ಬಿಟ್ಟಿದ್ದರು, ಒಬ್ಬರು ತೀರಿಕೊಂಡಿದ್ದರು. ಉಳಿದವರ ಲೈನ್ ಮನೆಗಳಿಗೆ ಒಂದೊಂದಾಗಿ ಹೋದೆ. ಒಬ್ಬ ಗಂಡಾಳು ಬಾಗಿಲು ತೆಗೆಯಲಿಲ್ಲ. ಒಬ್ಬಾಕೆ ದುಡ್ಡು ತೆಗೆದುಕೊಂಡು ಮಾತಾಡಲಿಲ್ಲ.

ಆ ಬುಧವಾರದ ಹೆಂಗಸು ಜಗಲಿ ಮೇಲೆ ಕೂತು ಮೆಣಸು ಬಿಡಿಸುತ್ತಿದ್ದಳು. ಯಾಕೆ ಬಂದೆ ಅಂತ ಹೇಳಿ, ಪುಸ್ತಕ ತೆಗೆದು ಅವಳ ಸಾಲು ಓದಿ ಹೇಳಿದೆ, ಐದು ಅರ್ಧ ದಿನ. ಕೈ ಒರೆಸಿಕೊಂಡು ಬೆರಳು ಮಡಚಿ ಎಣಿಸಿದಳು. ಮತ್ತೊಂದು ಸಲ ಎಣಿಸಿದಳು.

‘ಐದಲ್ಲ ರೈಟ್ರೇ, ಏಳು. ಗೌರಿ ಹಬ್ಬದ ಹಿಂದಿನ ಎರಡು ದಿನ ನೀವು ಬರ್ಕೊಂಡಿಲ್ಲ.’

ಅಲ್ಲೇ ಜಗಲಿ ಮೇಲೆ ಕೂತು ಬರೆದುಕೊಂಡೆ.